ಕೂಸಿಗೊಂದು ಅಪರೂಪದ ಹೆಸರು: ಪುಸ್ತಿಕೆ, ಆ್ಯಪ್, ಪಂಚಾಂಗ, ಸಂಖ್ಯಾಶಾಸ್ತ್ರ, ನಿಘಂಟು – ಯಾವುದು ದಡ ಮುಟ್ಟಿಸುತ್ತದೆ?

ಶಿರಸಿ ಸೀಮೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಹೆಸರಿಡುವವರೆಗೂ ಅದು ಬರೀ ‘ಕೂಸು’. ಘಟ್ಟ ಇಳಿದು ಕಾರವಾರದ ಕೊಂಕಣಿ ಮನೆಗೆ ಹೋದರೆ ‘ಚೆಡು’. ಹನ್ನೊಂದೋ ಹನ್ನೆರಡೋ ದಿನಕ್ಕೆ ನಾಮಕರಣ ಎನ್ನಿ, ಬಾರ್ಸೆ ಎನ್ನಿ, ತೊಟ್ಟಿಲ ಹತ್ತಿರ ಬಗ್ಗಿ ಕಿವಿಯಲ್ಲಿ ಒಂದು ಹೆಸರು ಹೇಳಲೇಬೇಕು. ಅಂದರೆ ಹುಡುಕಾಟಕ್ಕೆ ಸಿಗುವುದು ಹತ್ತು ದಿನ, ಅದೂ ಬಾಣಂತನದ ಗಡಿಬಿಡಿ ನಡುವೆ. ಈ ಹತ್ತು ದಿನಗಳನ್ನು ನಂಬಿಕೊಂಡೇ ಒಂದು ಪುಟ್ಟ ಮಾರುಕಟ್ಟೆ ನಡೆಯುತ್ತಿದೆ: ಬಸ್‌ಸ್ಟ್ಯಾಂಡಿನ ಹೆಸರಿನ ಪುಸ್ತಿಕೆ, ಫೋನಿನ ಆ್ಯಪ್, ಪುರೋಹಿತರ ಪಂಚಾಂಗ, ವಾಟ್ಸ್‌ಆ್ಯಪ್‌ನಲ್ಲಿ ‘ಅದೃಷ್ಟದ ಹೆಸರು’ ಕಳಿಸುವ ಸಂಖ್ಯಾಶಾಸ್ತ್ರದವರು. ಕೊನೆಗೆ ಎಲ್ಲರೂ ಹೋಗಿ ನಿಲ್ಲುವುದು ಜನನ ನೋಂದಣಿಯ ಕೌಂಟರಿನ ಮುಂದೆ.

ಇವನ್ನೆಲ್ಲ ಒಂದೊಂದಾಗಿ ಅಳೆದಿದ್ದೇವೆ. ಅಳತೆಗೋಲು ನಾಲ್ಕು: ಅರ್ಥ ನಿಜವೇ, ಮನೆಯ ಅಜ್ಜಿಯ ಬಾಯಿಗೂ ಶಾಲೆಯ ಟೀಚರ ಬಾಯಿಗೂ ಹೆಸರು ಒಗ್ಗುತ್ತದೆಯೇ, ಇಂಗ್ಲಿಷ್‌ನಲ್ಲಿ ಬರೆದು ಮತ್ತೆ ಕನ್ನಡಕ್ಕೆ ತಂದರೆ ಅದೇ ಹೆಸರಾಗಿ ಉಳಿಯುತ್ತದೆಯೇ, ನಕ್ಷತ್ರದ ಅಕ್ಷರ ಬೇಕೆನ್ನುವವರಿಗೆ ಅಕ್ಷರ ಸರಿಯೇ. ‘ಎಷ್ಟು ಅಪರೂಪ’ ಎಂಬುದನ್ನು ಬೇಕೆಂದೇ ಅಳತೆಗೆ ಸೇರಿಸಿಲ್ಲ. ಯಾರೂ ಇಡದ ಹೆಸರು ಕಟ್ಟುವುದು ಕಷ್ಟವೇನಲ್ಲ, ನಾಲ್ಕು ಅಕ್ಷರ ಕಲಸಿದರೆ ಒಂದು ತಯಾರು. ಹುಡುಗಿ ಎಂಬತ್ತು ವರ್ಷ ಹೊತ್ತು ತಿರುಗಬಹುದಾದ ಅಪರೂಪ ಬೇಕಲ್ಲ, ಕಷ್ಟ ಇರುವುದು ಅಲ್ಲಿ.

ಪುಸ್ತಿಕೆಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹೆಚ್ಚಿನವು ಇಂಗ್ಲಿಷ್ ಅಕಾರಾದಿಯ ಪಟ್ಟಿಯಿಂದ ಕನ್ನಡಕ್ಕೆ ಇಳಿದವು. ಅದಕ್ಕೇ ಸ, ಶ, ಷ ಮೂರೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ‘ಜ್ಞಾನದಾ’ ಎಂಬ ಹೆಸರು ಗಕಾರದ ಪುಟದಲ್ಲಿ ಕಂಡರೆ ಬೆಚ್ಚಬೇಡಿ, ಇಂಗ್ಲಿಷ್‌ನಲ್ಲಿ ಅದನ್ನು ‘ಜಿ ಎನ್’ ಹಾಕಿ ಬರೆದಿದ್ದರು, ಅಷ್ಟೆ. ಅಕ್ಷರ ನೋಡಿ ಹೆಸರಿಡುವ ಮನೆಗೆ ಇದು ನೇರ ನಷ್ಟ: ಸಂಯುಕ್ತಾಕ್ಷರದಲ್ಲಿ ಹಿಡಿಯಬೇಕಾದ್ದು ಮೊದಲ ವ್ಯಂಜನವನ್ನು, ಆದ್ದರಿಂದ ಜ್ಞಾನದಾ ಸೇರುವುದು ‘ಜಾ’ ಅಕ್ಷರಕ್ಕೆ. ಐದಕ್ಕೆ ಒಂದೂವರೆ.

ಆ್ಯಪ್‌ಗಳು: ಪಟ್ಟಿ ಉದ್ದ, ಅರ್ಥ ಗಿಡ್ಡ

ಆ್ಯಪ್‌ನ ಅನುಕೂಲವನ್ನು ಒಪ್ಪಲೇಬೇಕು. ಅಕ್ಷರ ಒತ್ತಿದರೆ ನೂರಾರು ಹೆಸರು ಬರುತ್ತದೆ, ಗಂಡನ ಮನೆಯವರಿಗೂ ತವರಿನವರಿಗೂ ಒಂದೇ ಸಲ ಕಳಿಸಬಹುದು. ತೊಂದರೆ ‘ಅರ್ಥ’ ಎಂಬ ಅಂಕಣದಲ್ಲಿದೆ. ಒಂದು ಆ್ಯಪ್ ಇನ್ನೊಂದರಿಂದ ಎತ್ತಿದ್ದು, ಇನ್ನೊಂದು ಮತ್ತೊಂದರಿಂದ. ಮೂಲದಲ್ಲೇ ತಪ್ಪಿದ್ದರೆ ಹತ್ತು ಕಡೆ ಅದೇ ತಪ್ಪು ಕಾಣುತ್ತದೆ, ಹತ್ತು ಕಡೆ ಕಂಡದ್ದು ನಿಜ ಅನಿಸುತ್ತದೆ.

ಮಾದರಿಗೆ ‘ಅದ್ವಿಕಾ’ ನೋಡಿ. ‘ಸಾಟಿಯಿಲ್ಲದವಳು’ ಎಂಬ ಅರ್ಥ ಎಲ್ಲೆಡೆ ಇದೆ. ಸಂಸ್ಕೃತ ನಿಘಂಟು ತೆರೆದರೆ ಸಿಗುವುದು ಅದ್ವಯ, ಅದ್ವಿತೀಯ. ಅದ್ವಿಕಾ ಎಂಬ ರೂಪ ಸಿಗುವುದಿಲ್ಲ. ‘ಶಾನ್ವಿ ಎಂದರೆ ಲಕ್ಷ್ಮಿ’ ಎಂಬುದಕ್ಕೂ ಅದೇ ಗತಿ. ಕೇಳಲು ಹಿತವಾಗಿದ್ದರೆ ಇಡಲು ಅಡ್ಡಿಯೇನಿಲ್ಲ, ಸದ್ದಿಗಾಗಿ ಇಟ್ಟೆವು ಎಂದು ತಿಳಿದು ಇಟ್ಟರಾಯಿತು. ‘ಕಿಯಾರಾ’ದ ಕತೆ ಇನ್ನೂ ಸೊಗಸು: ಇಟಲಿಯ ಕಿಯಾರಾಗೆ ತಿಳಿ, ಬೆಳಕು ಎಂಬ ಅರ್ಥ, ಇಂಗ್ಲಿಷ್‌ನಲ್ಲಿ ಹೆಚ್ಚುಕಡಿಮೆ ಅವೇ ಅಕ್ಷರಗಳಲ್ಲಿ ಬರೆಯುವ ಐರ್ಲೆಂಡಿನ ಹೆಸರಿಗೆ ಕಪ್ಪು ಎಂಬ ಅರ್ಥ. ಆ್ಯಪ್‌ಗೆ ಎರಡೂ ಒಂದೇ.

ಇದಕ್ಕಿಂತ ಅಪಾಯದ್ದು, ಹೆಸರು ನಿಜವಾದದ್ದೇ ಆಗಿದ್ದು ಒಂದು ದೀರ್ಘ ಅಥವಾ ಒಂದು ಮಹಾಪ್ರಾಣ ತಪ್ಪಿಹೋಗುವುದು. ‘ಆಭಾ’ ಎಂದರೆ ಕಾಂತಿ. ಮೊದಲಕ್ಷರ ಗಿಡ್ಡವಾಗಿ ‘ಅಭಾ’ ಆದರೆ ಕಾಂತಿಯಿಲ್ಲದವಳು. ‘ಮೇಧಾ’ ಎಂದರೆ ಬುದ್ಧಿ. ಧಕಾರದ ಹೊಟ್ಟೆ ಸೀಳದೆ ‘ಮೇದಾ’ ಎಂದು ಬರೆದರೆ ಮೇದಸ್ಸಿನ ನೆನಪು, ಅಂದರೆ ಕೊಬ್ಬು. ‘ಅನೀಶಾ’ ಬಹಳ ಮನೆಗಳಲ್ಲಿ ಚಂದದ ಹೆಸರಾಗಿ ಓಡಾಡುತ್ತಿದೆ; ಸಂಸ್ಕೃತದಲ್ಲಿ ಅದು ಒಡೆಯನಿಲ್ಲದ, ಕೈಲಾಗದ ಸ್ಥಿತಿ. ‘ತೃಷಾ’ ಎಂದರೆ ಬಾಯಾರಿಕೆ. ಇವನ್ನೆಲ್ಲ ಆ್ಯಪ್‌ಗಳು ನಕ್ಷತ್ರ, ಹೊಳಪು, ದೇವತೆ ಎಂದು ತಿದ್ದಿ ತೀಡಿ ತೋರಿಸುತ್ತವೆ. ಪುಸ್ತಿಕೆಗೂ ಆ್ಯಪ್‌ಗೂ ಒಂದೇ ಬಳಕೆ ಇಟ್ಟುಕೊಳ್ಳಿ: ಹೆಸರು ನೆನಪಿಸಿಕೊಳ್ಳಲು ಒಂದು ಬುಟ್ಟಿ. ಅರ್ಥಕ್ಕಾಗಿ ಅಲ್ಲಿ ಕೈಹಾಕಬೇಡಿ. ಐದಕ್ಕೆ ಎರಡು.

ಸ್ಥಳೀಯ ಕಿವಿಯೂ ಆ್ಯಪ್‌ಗಿಲ್ಲ. ‘ಅಂಶಿ’ ಎಂಬುದು ಬೆಂಗಳೂರಲ್ಲಿ ಹೊಸ ಚಂದದ ಹೆಸರು. ಕಾರವಾರದವರಿಗೆ ಜೋಯಿಡಾ ದಾರಿಯ ಘಟ್ಟ, ಕಾಡು. ‘ಶಂಪಾ’ ಎಂದರೆ ಮಿಂಚು, ಒಳ್ಳೆಯ ಹಳೆಯ ಶಬ್ದ. ಮೂರನೇ ಕ್ಲಾಸಿನ ಹುಡುಗರು ಅದನ್ನು ಶಾಂಪೂ ಮಾಡಲು ಒಂದು ದಿನ ಸಾಕು. ‘ಶೀತಲ್’ ಕನ್ನಡದಲ್ಲಿ ನೆಗಡಿಗೆ ಹತ್ತಿರ, ಕೊಂಕಣಿಯಲ್ಲಿ ಅನ್ನಕ್ಕೆ ಹತ್ತಿರ: ‘ಶೀತ್’ ಎಂದರೆ ಅನ್ನ. ಎರಡು ಮೂರು ಭಾಷೆ ಒಂದೇ ಅಂಗಳದಲ್ಲಿ ಮಾತಾಡುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಕನ್ನಡ, ಕೊಂಕಣಿ, ಮರಾಠಿ, ಭಟ್ಕಳದ ಕಡೆ ನವಾಯತಿ – ಎಲ್ಲ ಕಿವಿಗೂ ಒಮ್ಮೆ ಹಾಕಿ ನೋಡದೆ ಹೆಸರು ಪಕ್ಕಾ ಮಾಡಬಾರದು.

ಪಂಚಾಂಗ ಮತ್ತು ಪುರೋಹಿತರು

ಇಲ್ಲಿ ಕೆಲಸ ಖಚಿತ, ಗೊಂದಲ ಬರುವುದು ನಮ್ಮ ಕಡೆಯಿಂದ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಪಾದಕ್ಕೊಂದರಂತೆ ಒಟ್ಟು 108 ಅಕ್ಷರ. ಕೂಸು ಹುಟ್ಟಿದ ಹೊತ್ತಿಗೆ ಚಂದ್ರ ಯಾವ ಪಾದದಲ್ಲಿದ್ದನೋ ಅದರ ಅಕ್ಷರದಿಂದ ಹೆಸರು ಶುರುವಾಗಬೇಕು. ಒಂದು ಪಾದ ಎಂದರೆ 3 ಅಂಶ (ಡಿಗ್ರಿ) 20 ಕಲೆ (ಅರವತ್ತು ಕಲೆಗೆ ಒಂದು ಅಂಶ). ಚಂದ್ರ ಅದನ್ನು ದಾಟಲು ಸರಾಸರಿ 6 ಗಂಟೆ ಬೇಕು. ಹಾಗಾಗಿ ಆಸ್ಪತ್ರೆಯ ಗಡಿಯಾರ ಹತ್ತು ನಿಮಿಷ ಮುಂದಿತ್ತೇ ಹಿಂದಿತ್ತೇ ಎಂಬ ಚಿಂತೆ ಪಾದದ ಅಂಚಿನಲ್ಲಿ ಹುಟ್ಟಿದ ಕೂಸಿಗೆ ಮಾತ್ರ. ಆ ಅಂಚಿನಲ್ಲೇ ಪಂಚಾಂಗಕ್ಕೂ ಆ್ಯಪ್‌ಗೂ ಜಗಳ ಬರುತ್ತದೆ, ಎರಡರ ಗಣಿತದ ಪದ್ಧತಿ ಬೇರೆ ಇರಬಹುದು. ಕುಮಟೆಯ ಬಗ್ಗೋಣ ಪಂಚಾಂಗವನ್ನೇ ನಂಬಿ ಬಂದ ಮನೆಯವರು ಹೆಸರಿನ ಅಕ್ಷರವನ್ನೂ ಅದರಲ್ಲೇ ನೋಡಬೇಕು. ಅಕ್ಷರ ಒಂದರಲ್ಲಿ, ಮುಂದೆ ಜಾತಕ ಇನ್ನೊಂದರಲ್ಲಿ ಮಾಡಿಸಿದರೆ ಪೇಚಾಟ ತಪ್ಪದು.

ಊರ ಹೆಸರು ತಪ್ಪು ಹಾಕಿದ್ದಕ್ಕೆ ಅಕ್ಷರ ಬದಲಾಯಿತು ಎಂದು ಕೆಲವರು ಹೇಳುವುದುಂಟು. ಶಿರಸಿ ಬದಲು ದೆಹಲಿ ಎಂದು ಹಾಕಿದರೂ ನಕ್ಷತ್ರ ಬದಲಾಗುವುದಿಲ್ಲ. ದೇಶಕ್ಕೆಲ್ಲ ಒಂದೇ ಸಮಯ, ಊರು ತಪ್ಪಿದರೆ ಕೆಡುವುದು ಜಾತಕದ ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ. ನಕ್ಷತ್ರಪಾದ ಕೆಡುವುದು ಸಮಯವಲಯ ತಪ್ಪಿದಾಗ. ದುಬೈ, ಮಸ್ಕತ್‌ಗಳಲ್ಲಿ ಹುಟ್ಟಿದ ಕೂಸಿನ ಸಮಯವನ್ನು ಫೋನಿನಲ್ಲಿ ಹೇಳುವಾಗ ‘ಅಲ್ಲಿಯ ಗಂಟೆ’ ಎಂದು ಬಿಡಿಸಿ ಹೇಳಿ. ನಮ್ಮ ಗಡಿಯಾರಕ್ಕಿಂತ ಅದು ಒಂದೂವರೆ ತಾಸು ಹಿಂದೆ. ರಾತ್ರಿ ಹನ್ನೆರಡರ ನಂತರ, ಸೂರ್ಯೋದಯಕ್ಕೆ ಮೊದಲು ಹುಟ್ಟಿದ್ದಾದರೆ ಇನ್ನೊಂದು ತೊಡಕು. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಶುಕ್ರವಾರ ನಸುಕಿನ ಮೂರು ಗಂಟೆಯ ಕೂಸು ಜನನಪತ್ರದಲ್ಲಿ ಶುಕ್ರವಾರದ್ದು, ಪಂಚಾಂಗದಲ್ಲಿ ಗುರುವಾರದ್ದು. ಎರಡೂ ಸರಿ.

ಕೆಲವು ಪಾದಗಳು ಮಾತ್ರ ನಿಜಕ್ಕೂ ಪರೀಕ್ಷೆ. ಆರ್ದ್ರಾದ ಮೂರನೇ ಪಾದಕ್ಕೆ ಙ, ಹಸ್ತದ ಮೂರನೆಯದಕ್ಕೆ ಣ, ಉತ್ತರಾಭಾದ್ರದ ನಾಲ್ಕನೆಯದಕ್ಕೆ ಞ. ಇವುಗಳಿಂದ ಹೆಸರೇ ಶುರುವಾಗುವುದಿಲ್ಲ. ಇದಕ್ಕೆ ಶಾಸ್ತ್ರದಲ್ಲೇ ಪರಿಹಾರ ಇದೆ: ಕ್ರಮವಾಗಿ ಗ, ಡ, ಜ ಹಿಡಿಯಬೇಕು. ಇದನ್ನು ಹೇಳದೆ ‘ಅಕ್ಷರ ಬರಲಿಲ್ಲ, ಬೇರೆ ಪರಿಹಾರ ಮಾಡಿಸಿ’ ಎನ್ನುವವರ ಹತ್ತಿರ ಇನ್ನೊಮ್ಮೆ ಹೋಗಬೇಕಿಲ್ಲ. ಉತ್ತರಾಭಾದ್ರದ ಮೂರನೇ ಪಾದದ ಝ ಬಂದರೆ ಮುಖ ಸಣ್ಣ ಮಾಡಿಕೊಳ್ಳುವವರೇ ಹೆಚ್ಚು. ಘಟ್ಟದ ಮಳೆಗಾಲ ಕಂಡ ನಾಡಿಗೆ ‘ಝರಿ’ಗಿಂತ ಒಪ್ಪುವ ಹೆಸರು ಯಾವುದಿದೆ? ಆರ್ದ್ರಾದ ನಾಲ್ಕನೆಯದರ ಛಕ್ಕೆ ‘ಛಾಯಾ’ ಹೇಗೂ ಇದೆ. ಹಸ್ತದ ಕೊನೆಯ ಪಾದದ ಠ ಮಾತ್ರ ಕಷ್ಟವೇ.

ಇನ್ನೆರಡು ಸಡಿಲಿಕೆ ತಿಳಿದಿದ್ದರೆ ಆಯ್ಕೆ ದುಪ್ಪಟ್ಟಾಗುತ್ತದೆ. ಹ್ರಸ್ವ ದೀರ್ಘ ಒಂದೇ ಲೆಕ್ಕ. ಶ ಮತ್ತು ಸ, ಬ ಮತ್ತು ವ ಒಂದೇ ಲೆಕ್ಕ. ಶತಭಿಷೆಯ ಎರಡನೇ ಪಾದದ ‘ಸಾ’ಕ್ಕೆ ಶಾಲ್ಮಲಾ ನಡೆಯುತ್ತದೆ, ರೋಹಿಣಿಯ ‘ವಾ’ಕ್ಕೆ ಬಕುಳಾ ನಡೆಯುತ್ತದೆ. ಹೆಣ್ಣುಮಕ್ಕಳ ಹೆಸರು ಬೆಸ ಸಂಖ್ಯೆಯ ಅಕ್ಷರದ್ದಾಗಿರಬೇಕು ಎಂಬ ಗೃಹ್ಯಸೂತ್ರದ (ಮನೆಯ ಸಂಸ್ಕಾರಗಳ ಹಳೆಯ ಗ್ರಂಥದ) ಮಾತನ್ನು ಪಾಲಿಸುವವರು ಎಣಿಸುವಾಗ ಒತ್ತಕ್ಷರವನ್ನು ಬೇರೆ ಎಣಿಸಬಾರದು. ಶಾಲ್ಮಲಾ ಎಂದರೆ ಶಾ, ಲ್ಮ, ಲಾ – ಮೂರೇ.

ಇಷ್ಟೆಲ್ಲ ಆದಮೇಲೂ ಅಕ್ಷರಕ್ಕೆ ಒಪ್ಪುವ ಹೆಸರು ಹಿಡಿಸದಿದ್ದರೆ ಹಳೆಯ ದಾರಿ ಇದ್ದೇ ಇದೆ: ನಕ್ಷತ್ರನಾಮ ಜಾತಕಕ್ಕೆ, ವ್ಯವಹಾರನಾಮ ಊರಿಗೆ. ತಿಳಿದ ಪುರೋಹಿತರು ತಾವೇ ಇದನ್ನು ಹೇಳುತ್ತಾರೆ. ಈ ಸೇವೆಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಅರ್ಥದ ವಿಷಯಕ್ಕೆ. ಅಕ್ಷರ ಹೇಳಿದ ಕೂಡಲೇ ಫೋನು ತೆಗೆದು ಅದೇ ಆ್ಯಪ್ ತೋರಿಸುವವರು ಈಗ ಹೆಚ್ಚಾಗುತ್ತಿದ್ದಾರೆ.

ಸಂಖ್ಯಾಶಾಸ್ತ್ರ

ಇವರ ಲೆಕ್ಕ ಇಂಗ್ಲಿಷ್ ಸ್ಪೆಲಿಂಗಿನ ಮೇಲೆ. ಪದ್ಧತಿ ಎರಡು: ಒಂದರಲ್ಲಿ ಅಕ್ಷರಗಳಿಗೆ 1ರಿಂದ 9, ಕಾಲ್ಡಿಯನ್ ಎಂದು ಕರೆಯುವ ಇನ್ನೊಂದರಲ್ಲಿ 1ರಿಂದ 8. ‘ಇಳಾ’ ಎಂಬ ಪುಟ್ಟ ಹೆಸರನ್ನು ಐ, ಎಲ್, ಎ ಎಂದು ಬರೆದು ಎರಡರಲ್ಲೂ ಕೂಡಿಸಿ. ಮೊದಲನೆಯದರಲ್ಲಿ 9, 3, 1 – ಒಟ್ಟು 13, ಅಂದರೆ 4. ಎರಡನೆಯದರಲ್ಲಿ 1, 3, 1 – ಒಟ್ಟು 5. ಒಂದೇ ಕೂಸು, ಒಂದೇ ಹೆಸರು, ಎರಡು ಭವಿಷ್ಯ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆ ಚರ್ಚೆ ಇಲ್ಲಿ ಬೇಡ. ನಮ್ಮ ತಕರಾರು ಉತ್ಪನ್ನದ ಗುಣಮಟ್ಟದ ಬಗ್ಗೆ. ಮೊತ್ತ ಹೊಂದಿಸಲು ಇವರು ಮಾಡುವುದು ಒಂದೇ ಉಪಾಯ: ಒಂದು ‘ಎ’ ಇದ್ದಲ್ಲಿ ಎರಡು, ಕೊನೆಗೊಂದು ‘ಎಚ್’, ನಡುವೆ ಯಾವುದೋ ‘ಡಬಲ್ ಎನ್’. ಕನ್ನಡದಲ್ಲಿ ಹೆಸರು ಹಾಗೇ ಉಳಿಯುತ್ತದೆ, ಇಂಗ್ಲಿಷ್‌ನಲ್ಲಿ ಯಾರೂ ಊಹಿಸಲಾರದ ರೂಪ ಬರುತ್ತದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ರೈಲು ಟಿಕೆಟಿನಲ್ಲಿ ಆ ಹುಡುಗಿ ಜೀವಮಾನವಿಡೀ ಸ್ಪೆಲಿಂಗ್ ಬಿಡಿಸಿ ಹೇಳುತ್ತಾ ನಿಲ್ಲಬೇಕು. ಯಾರೋ ಒಬ್ಬ ಗುಮಾಸ್ತ ‘ಇದು ತಪ್ಪಿರಬೇಕು’ ಎಂದು ಉಪಕಾರ ಮಾಡಿ ತಿದ್ದಿಬಿಟ್ಟರೆ ಎರಡು ದಾಖಲೆ ಎರಡು ಹೆಸರಾಗುತ್ತದೆ. ಇಂಥ ಸಲಹೆ ತೆಗೆದುಕೊಂಡೇ ತೀರುವವರು ಆ ಸ್ಪೆಲಿಂಗನ್ನು ಜನನಪತ್ರದಿಂದ ದೂರ ಇಟ್ಟು ಸಹಿಗೋ ತೊಟ್ಟಿಲ ಬೋರ್ಡಿಗೋ ಇಟ್ಟುಕೊಳ್ಳಲಿ. ಐದಕ್ಕೆ ಅರ್ಧ, ಅದೂ ಉತ್ತರ ಬೇಗ ಕಳಿಸಿದ್ದಕ್ಕೆ.

ನಿಘಂಟು, ನಕಾಶೆ, ಆಟದ ಮೇಳ

ಈ ವಿಮರ್ಶೆಯಲ್ಲಿ ಗೆದ್ದದ್ದು ಯಾರೂ ‘ಹೆಸರಿನ ಸೇವೆ’ ಎಂದು ಮಾರದ ವಸ್ತು. ಕಿಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಫೋನಿನಲ್ಲಿ ಬೇಗ ಹುಡುಕಲು ‘ಅಲರ್’ ಎಂಬ ಆನ್‌ಲೈನ್ ನಿಘಂಟು ಒಳ್ಳೆಯದು, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ನಮೂದುಗಳಿವೆ, ಹೂವು ಎಂಬ ಅರ್ಥದ ‘ಅಲರ್’ ಶಬ್ದವೇ ಒಂದು ಅಪರೂಪದ ಹೆಸರಾದೀತು. ಸಂಸ್ಕೃತದ್ದು ಎನಿಸಿದರೆ ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ನೋಡಬೇಕು. ಹುಡುಕುವಾಗ ಒಂದು ಕ್ರಮ ಇಟ್ಟುಕೊಳ್ಳಿ: ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದುಕೊಂಡು, ದೀರ್ಘ ಇದ್ದಂತೆ ಒಮ್ಮೆ, ಇಲ್ಲದಂತೆ ಒಮ್ಮೆ, ಮಹಾಪ್ರಾಣ ಇದ್ದಂತೆ ಒಮ್ಮೆ, ಇಲ್ಲದಂತೆ ಒಮ್ಮೆ ನೋಡಿ. ಜನ ಹೇಗೂ ನಾಲ್ಕು ಥರದಲ್ಲೂ ಬರೆಯುತ್ತಾರೆ. ನಾಲ್ಕರಲ್ಲಿ ಒಂದರ ಅರ್ಥ ಮುಜುಗರದ್ದಾದರೆ ಈಗಲೇ ಗೊತ್ತಾಗಲಿ. ನಿಘಂಟಿನಲ್ಲಿ ಎರಡನೇ ಅರ್ಥವನ್ನೂ ಓದಿ. ‘ಅನಾಮಿಕಾ’ ಕೇಳಲು ಕಾವ್ಯ, ಅರ್ಥ ಹೆಸರಿಲ್ಲದವಳು. ಹೆಸರಿಡುವ ದಿನ ಅದನ್ನು ಕೂಗುವುದು ಒಂಥರಾ ವಿಚಿತ್ರವೇ.

ಇನ್ನು ನಕಾಶೆ. ನಮ್ಮ ಜಿಲ್ಲೆಯ ಹೊಳೆ, ಹೂ, ದೇವಿಯರ ಹೆಸರಲ್ಲಿ ಇಡಲು ಬರುವಂಥವು ಎಷ್ಟೋ ಇವೆ, ಎಲ್ಲವೂ ಬರುತ್ತವೆ ಎಂದಲ್ಲ.

ಶಾಲ್ಮಲಾ ನಮ್ಮ ಮೊದಲ ಶಿಫಾರಸು. ಸಹಸ್ರಲಿಂಗದ ಹೊಳೆ, ಬೂರುಗದ ಮರದ ಹೆಸರು, ಉಚ್ಚಾರ ಮೆದು. ದೋಷ ಒಂದೇ, ಕಚೇರಿಯಲ್ಲಿ ಅವಸರದಲ್ಲಿ ಓದಿದವರು ‘ಶ್ಯಾಮಲಾ’ ಎಂದು ಬರೆದುಬಿಡುತ್ತಾರೆ. ವರದಾ, ಬನವಾಸಿಯನ್ನು ಬಳಸಿ ಹರಿಯುವವಳು, ಸುಲಭ ಮತ್ತು ಸುರಕ್ಷಿತ, ಹಾಗಾಗಿ ತೀರಾ ಅಪರೂಪವೂ ಅಲ್ಲ. ಅಘನಾಶಿನಿ ಎಂಬ ಹೆಸರಿಗೆ ಮನಸೋಲದವರಿಲ್ಲ: ಪಾಪ ಕಳೆಯುವವಳು, ಐದಕ್ಷರ, ಬೆಸವೂ ಹೌದು. ಆದರೆ ಐದಕ್ಷರವನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆಯುವುದಿಲ್ಲ, ಎರಡೇ ದಿನಕ್ಕೆ ಅದು ‘ಅಘಾ’ ಆಗುತ್ತದೆ. ‘ಅಘ’ ಎಂದರೆ ಪಾಪ. ಹೊಳೆ ತೊಳೆದದ್ದನ್ನು ಮನೆಯವರು ವಾಪಸು ತಂದ ಹಾಗೆ. ಅದೇ ಭಾವ ಬೇಕಾದರೆ ‘ಅನಘಾ’ ಇಡಿ, ಮೊಟಕು ಮಾಡಿದರೂ ‘ಅನು’ ಆಗುತ್ತದೆ. ಬೇಡ್ತಿ ಮಾತ್ರ ಬೇಡ. ಕಿವಿಗೆ ಮೊದಲು ಬೀಳುವುದೇ ‘ಬೇಡ’. ಅದೇ ಹೊಳೆ ಕೆಳಗಿಳಿದಾಗ ಗಂಗಾವಳಿ, ಅದು ನಡೆದೀತು.

ಸುರಗಿ ಕರಾವಳಿಯ ಬೇಸಿಗೆಯ ಹೂ. ಕೊಂಬೆಗೆ ಅಂಟಿಕೊಂಡೇ ಅರಳುತ್ತದೆ, ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ, ಹೆಣ್ಣುಮಗುವಿಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಬೇಕಿಲ್ಲ. ಹಳಗನ್ನಡದಲ್ಲಿ ಅದೇ ಶಬ್ದಕ್ಕೆ ಕಿರುಗತ್ತಿ ಎಂಬ ಅರ್ಥವೂ ಇದೆ. ನಮ್ಮ ದೃಷ್ಟಿಯಲ್ಲಿ ಅದು ಲಾಭ, ಕೆಲವು ಅಜ್ಜಂದಿರ ದೃಷ್ಟಿಯಲ್ಲಿ ಅಲ್ಲ. ಬಕುಳಾ ಕೂಡ ಒಣಗಿಯೂ ಕಂಪು ಉಳಿಸಿಕೊಳ್ಳುವ ಹೂವೇ. ಹಿಂದಿಯವರ ಕಡೆ ಮದುವೆಯಾಗಿ ಹೋದರೆ ಳಕಾರದ ಬದಲು ಲಕಾರ ಬಂದೀತು, ಅಷ್ಟೆ. ಅಬೊಲಿ ಕಾರವಾರದಲ್ಲಿ ಹೂವಿನ ಹೆಸರು, ಕನಕಾಂಬರದ ಬಣ್ಣ ಕಣ್ಣಿಗೆ ಬರುತ್ತದೆ. ಘಟ್ಟದ ಮೇಲೆ ಅರ್ಥ ಹೇಳಿಕೊಡಬೇಕು, ಮರಾಠಿ ಬಲ್ಲವರು ‘ಮಾತಾಡದವಳು’ ಎಂದು ಬಿಡಿಸಿ ನಗುತ್ತಾರೆ.

ದೇವಿಯರಲ್ಲಿ ಗೋಕರ್ಣದ ತಾಮ್ರಗೌರಿಯನ್ನು ಯಾರೂ ಹೆಸರಿಗಾಗಿ ನೋಡಿದಂತಿಲ್ಲ. ಗೌರಿ ಎಂದು ಕರೆಯಲು ಬರುತ್ತದೆ, ಪೂರ್ತಿ ಬರೆದರೆ ಗಾಂಭೀರ್ಯ ಬರುತ್ತದೆ. ಹಣಕೋಣದ ಸಾತೇರಿ ಕೊಂಕಣಿ ಮನೆಗಳಿಗೆ ಸೊಗಸಾಗಿ ಒಪ್ಪುತ್ತದೆ. ಬನವಾಸಿಯ ಹಳೆಯ ಹೆಸರು ವೈಜಯಂತಿ, ಊರನ್ನೇ ಮಗಳಿಗೆ ಇಟ್ಟಂತೆ. ಅಲ್ಲಿನ ಮಧುಕೇಶ್ವರ ದೇವಸ್ಥಾನದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನದಲ್ಲಿ ಒಬ್ಬ ರಾಜಕುಮಾರಿಯ ಹೆಸರಿದೆ, ಅದರ ಕೊನೆಯ ಭಾಗ ‘ನಾಗಶ್ರೀ’. ಸಾವಿರದ ಐನೂರು ವರ್ಷಕ್ಕೂ ಹಳೆಯದು, ಈಗಲೂ ಒಂದು ಮಡಿಕೆ ಬಿದ್ದಿಲ್ಲ. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಪೂರ್ತಿ ಇಡುವ ಎದೆಗಾರಿಕೆ ಇದ್ದವರು ಇಡಲಿ. ಅರ್ಜಿಯ ಚೌಕದಲ್ಲಿ ಅದು ಹಿಡಿಸುವುದಿಲ್ಲ, ‘ಚೆನ್ನಭೈರವಿ’ ಹಿಡಿಸೀತು.

ಅಂಕೋಲೆಯ ಇಬ್ಬರು ಪದ್ಮಶ್ರೀ ಹಾಲಕ್ಕಿ ಹೆಂಗಸರ ಹೆಸರನ್ನು ನೋಡಿ: ಸುಕ್ರಿ ಬೊಮ್ಮಗೌಡ, ತುಳಸಿ ಗೌಡ. ಒಂದರಲ್ಲಿ ಶುಕ್ರವಾರ, ಇನ್ನೊಂದರಲ್ಲಿ ಅಂಗಳದ ಗಿಡ. ವಾರದ ಹೆಸರುಗಳು ಪೇಟೆಯವರಿಗೆ ಹಳತಾಗಿ ಕಂಡು ಬಿಟ್ಟುಹೋದವು, ಆದ್ದರಿಂದಲೇ ಈಗ ಅವು ನಿಜಕ್ಕೂ ಅಪರೂಪ. ಯಕ್ಷಗಾನದ ಸ್ತ್ರೀವೇಷಗಳಲ್ಲೂ ಹೆಕ್ಕಿದಷ್ಟು ಇದೆ: ಶಶಿಪ್ರಭೆ, ಚಿತ್ರಾಂಗದೆ, ಪ್ರಮೀಳೆ. ಬರೆಯುವಾಗ ಎಕಾರವೋ ಆಕಾರವೋ ಮೊದಲೇ ತೀರ್ಮಾನಿಸಿ. ‘ಶಶಿಪ್ರಭೆ’ ಎಂದು ಕನ್ನಡದಲ್ಲೂ ‘ಶಶಿಪ್ರಭಾ’ ಎಂದು ಇಂಗ್ಲಿಷ್‌ನಲ್ಲೂ ಬರೆಸಿದರೆ ಮುಂದೆ ಯಾರಾದರೂ ಇಬ್ಬರೂ ಒಬ್ಬಳೇ ಎಂಬುದಕ್ಕೆ ಅಫಿಡವಿಟ್ ಕೇಳುತ್ತಾರೆ.

ಪಟ್ಟಿ ಎರಡು ಮೂರಕ್ಕೆ ಇಳಿದ ಮೇಲೆ ಕೂಗಿ ನೋಡಿ. ಅಡಿಕೆ ತೋಟದ ಈ ತುದಿಯಿಂದ ಆ ತುದಿಗೆ ಕೂಗುವಾಗ ಕೊನೆಯ ಸ್ವರವೇ ಹೆಸರನ್ನು ಹೊರುವುದು. ಸುರಗೀ, ಶಾಲ್ಮಲಾ, ಸಾತೇರೀ – ಚೆನ್ನಾಗಿ ಎಳೆಯಬಹುದು. ‘ದ್ಯುತಿ’ ಬರೆದರೆ ಚಂದ, ಕೂಗಿದರೆ ಮೊದಲಕ್ಷರ ನುಂಗಿಹೋಗುತ್ತದೆ, ಕೇಳಿದವರು ಜ್ಯೋತಿ ಎಂದುಕೊಳ್ಳುತ್ತಾರೆ. ನಂತರ ಮನೆತನದ ಹೆಸರು ಸೇರಿಸಿ ಕೂಗಿ: ಹೆಗಡೆ, ಭಟ್ಟ, ನಾಯ್ಕ, ಗಾಂವ್ಕರ, ಶಾನಭಾಗ. ‘ಶಶಿಪ್ರಭಾ ಭಟ್ಟ’ದಲ್ಲಿ ಎರಡು ಭಕಾರ ಡಿಕ್ಕಿ ಹೊಡೆಯುತ್ತವೆ, ‘ಸಾತೇರಿ ನಾಯ್ಕ’ ಸಲೀಸಾಗಿ ಹರಿಯುತ್ತದೆ.

ನಿಘಂಟು ಮತ್ತು ನಕಾಶೆಗೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಕಳೆದದ್ದು ಸಮಯಕ್ಕೆ. ಎರಡು ಸಂಜೆ ಬೇಕೇ ಬೇಕು. ಅದಕ್ಕೇ ಈ ಕೆಲಸವನ್ನು ಏಳನೇ ತಿಂಗಳಲ್ಲಿ ಮುಗಿಸಿಟ್ಟುಕೊಂಡರೆ ಒಳ್ಳೆಯದು. ನಕ್ಷತ್ರ ಗೊತ್ತಿಲ್ಲದಿದ್ದರೆ ಏನಂತೆ, ಹದಿನೈದು ಇಪ್ಪತ್ತು ಹೆಸರು ಬೇರೆ ಬೇರೆ ಅಕ್ಷರದಲ್ಲಿ ಬರೆದಿಟ್ಟರಾಯಿತು.

ಇಂಗ್ಲಿಷ್ ಸ್ಪೆಲಿಂಗ್ ಎಂಬ ಬಾಗಿಲು

ಅಪರೂಪದ ಹೆಸರು ಹೆಚ್ಚಾಗಿ ಕೆಡುವುದು ಇಲ್ಲಿ. ಲತಾ ಎಂಬುದನ್ನು ಕನ್ನಡಿಗರು ‘ಟಿ ಎಚ್’ ಹಾಕಿ ಬರೆಯುತ್ತಾರೆ, ಗೋವಾ, ಮಹಾರಾಷ್ಟ್ರದವರು ಬರೀ ‘ಟಿ’. ಕಾರವಾರ ಎರಡರ ನಡುವೆ ಕೂತಿದೆ. ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು. ಋಕಾರಕ್ಕೆ ಇಲ್ಲಿ ‘ರು’, ಹಿಂದಿಯಲ್ಲಿ ‘ರಿ’: ಕೃ, ಮೃ ಇರುವ ಹೆಸರಿಗೆ ‘ಯು’ ಹಾಕುತ್ತೀರೋ ‘ಐ’ ಹಾಕುತ್ತೀರೋ ಮೊದಲೇ ಗಟ್ಟಿ ಮಾಡಿ. ಳ, ಣ, ಷ ಇಂಗ್ಲಿಷ್‌ನಲ್ಲಿ ಉಳಿಯುವುದಿಲ್ಲ. ಇಳಾ ಮುಂಬೈಯಲ್ಲಿ ಇಲಾ ಆಗುತ್ತಾಳೆ ಎಂಬುದನ್ನು ಒಪ್ಪಿಕೊಂಡೇ ಇಡಿ. ಜಾಹ್ನವಿಯಲ್ಲಿ ‘ಎಚ್’ ಮೊದಲೋ ‘ಎನ್’ ಮೊದಲೋ ಎಂಬುದಕ್ಕೆ ಅರ್ಧ ದೇಶ ಒದ್ದಾಡುತ್ತಿದೆ; ಕನ್ನಡದ ಹ್ನ ನೋಡಿದರೆ ‘ಎಚ್’ ಮೊದಲು. ಅರಬಿ ಹೆಸರಿಡುವ ಮನೆಗಳಲ್ಲಿ ಕನ್ನಡದ ಜ಼, ಫ಼ದ ಕೆಳಗಿನ ಚುಕ್ಕಿ ಹೆಚ್ಚಾಗಿ ಬಿಟ್ಟುಹೋಗುತ್ತದೆ, ಇಂಗ್ಲಿಷ್‌ನಲ್ಲಾದರೂ ‘ಝಡ್’ ಸರಿಯಾಗಿ ಬಿದ್ದಿದೆಯೇ ನೋಡಿಕೊಳ್ಳಿ.

ಸರಳ ಪರೀಕ್ಷೆ: ಆರಿಸಿದ ಸ್ಪೆಲಿಂಗನ್ನು ಹೆಸರು ಗೊತ್ತಿಲ್ಲದ ಮೂವರಿಗೆ ಬರೆದು ತೋರಿಸಿ, ಕನ್ನಡದಲ್ಲಿ ಬರೆಯಲು ಹೇಳಿ. ಇಬ್ಬರಾದರೂ ಸರಿ ಬರೆದರೆ ಪಾಸು.

ಕೊನೆಯ ಕೌಂಟರು

ಜನನ ನೋಂದಣಿಯ ಸೇವೆ ಜನ ಬೈಯುವಷ್ಟು ಕೆಟ್ಟದ್ದಲ್ಲ. ನಿಯಮಗಳು ಹೆತ್ತವರ ಪರವಾಗಿಯೇ ಇವೆ, ಬಹಳ ಮಂದಿಗೆ ಗೊತ್ತಿಲ್ಲ ಅಷ್ಟೆ. 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಅಷ್ಟರಲ್ಲಿ ಹೆಸರು ತೀರ್ಮಾನ ಆಗಿರಬೇಕೆಂದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕೊಟ್ಟು. ಹಾಗಾಗಿ ಆಸ್ಪತ್ರೆಯಲ್ಲಿ ಫಾರಂ ಹಿಡಿದು ಬಂದು ‘ಹೆಸರು ಹೇಳಿ ಬೇಗ’ ಎಂದರೆ ಗಾಬರಿಯಲ್ಲಿ ಏನೋ ಒಂದು ಹೇಳಿಬಿಡಬೇಡಿ. ಖಾಲಿ ಜಾಗ ತುಂಬುವುದು ಸುಲಭ. ತುಂಬಿದ್ದರಲ್ಲಿ ಅಕ್ಷರ ತಪ್ಪಾದರೆ ತಿದ್ದುಪಡಿಗೆ ಅರ್ಜಿ ಉಂಟು. ಮನಸ್ಸು ಬದಲಾಗಿ ಪೂರ್ತಿ ಬೇರೆ ಹೆಸರು ಬೇಕೆಂದರೆ ಮಾತ್ರ ದಾರಿ ಅಂಶಿ ಘಟ್ಟದ ಹಾಗೆ.

ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಅಪ್ಪ ಅಮ್ಮನ ಊರಲ್ಲಿ ಅಲ್ಲ. ಹೆರಿಗೆಗೆ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡುವವರು ಹೆಚ್ಚಿರುವ ಜಿಲ್ಲೆ ನಮ್ಮದು, ಆಮೇಲೆ ಹೆಸರು ಸೇರಿಸಲು ಅಲ್ಲಿಗೇ ಹೋಗಬೇಕು. ಗೋವಾದಲ್ಲಿ ಹುಟ್ಟಿದರೆ ಪತ್ರ ಗೋವಾದ್ದು, ಇಂಗ್ಲಿಷ್ ಸ್ಪೆಲಿಂಗೇ ಮುಂದಿನ ಎಲ್ಲದಕ್ಕೂ ಆಧಾರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟುಗಳಿಗೆಲ್ಲ ಹುಟ್ಟಿದ ದಿನ, ಊರಿನ ಪುರಾವೆ ಜನನಪತ್ರವೇ. ಅದರಲ್ಲಿ ಬಿದ್ದ ಅಕ್ಷರ ಎಲ್ಲೆಡೆ ನಕಲಾಗುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ.

ಕೌಂಟರಿಗೆ ಹೋಗುವಾಗ ಹೆಸರನ್ನು ಬಾಯಲ್ಲಿ ಹೇಳಬೇಡಿ. ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನ ದೊಡ್ಡಕ್ಷರದಲ್ಲೂ ಬರೆದು ಕೊಡಿ. ಇನಿಷಿಯಲ್ ಬಿಟ್ಟು ಪೂರ್ತಿ ಬರೆಸಿ, ಪಾಸ್‌ಪೋರ್ಟಿಗೆ ಹೇಗೂ ಬಿಡಿಸಿ ಬರೆಯಬೇಕು. ಕಾರವಾರದ ಕಡೆಯಂತೆ ಹೆಸರು, ಅಪ್ಪನ ಹೆಸರು, ಮನೆತನ ಎಂಬ ಕ್ರಮವೋ, ಬರೀ ಹೆಸರು ಮತ್ತು ಮನೆತನವೋ ಎಂಬುದು ಅಣ್ಣನೋ ಅಕ್ಕನೋ ಇದ್ದರೆ ಅವರ ಪತ್ರದಂತೆಯೇ ಇರಲಿ. ಅಚ್ಚಾಗುವ ಮೊದಲು ಪರದೆಯ ಮೇಲೆ ಒಮ್ಮೆ ತೋರಿಸಿ ಎಂದು ಕೇಳಿ. ಕನ್ನಡದ ಸಾಲು ಬೇರೆ, ಇಂಗ್ಲಿಷ್ ಸಾಲು ಬೇರೆ ಓದಿ, ತಾಯಿಯ ಹೆಸರಿನ ಸ್ಪೆಲಿಂಗನ್ನೂ ಸೇರಿಸಿ. ಕನ್ನಡದ್ದರಲ್ಲಿ ಮಹಾಪ್ರಾಣದ ಸೀಳು, ದೀರ್ಘದ ಗುರುತು, ಒತ್ತಕ್ಷರ ಈ ಮೂರನ್ನೇ ನೋಡಿದರೆ ಸಾಕು. ಶಾಲ್ಮಲಾ ಆಗಿದ್ದರೆ, ಲಕಾರದ ಕೆಳಗೆ ಮಕಾರದ ಒತ್ತು ಇದೆಯೇ ನೋಡಿ. ಅದು ಇಲ್ಲದಿದ್ದರೆ ‘ಶಾಲಮಲಾ’ ಆಗಿರುತ್ತದೆ. ಕೌಂಟರು ಬಿಡುವ ಮೊದಲು ತಿದ್ದಿಸಿ.